ಗಾಂಧಾರ ಬಿಟ್ಟ ಹಾಡು

ಗಾಂಧಾರವನ್ನು ಮುಟ್ಟಬಾರದು ಎಂಬ ಕಟ್ಟಳೆ ನನಗೆ ಯಾರೂ ಹಾಕಿದ್ದಲ್ಲ, ನಾನೇ ಹಾಕಿಕೊಂಡದ್ದು. ಆ ವರ್ಷ ಮಳೆಗಾಲ ಕಳೆದು ಹಿಮ ಬೀಳುವವರೆಗೆ ಅದರ ಜೊತೆ ನಾನು ಪಟ್ಟ ಪಾಡು ನೆನೆದರೆ ಈಗ ನಗು ಬರುತ್ತದೆ. ಆ ಹಾಡು ಕೊನೆಗೆ ಕೇಳಿಸಿದ ಬಗೆಯನ್ನು ನೆನೆದರೆ ಮಾತ್ರ ನಗು ಬರುವುದಿಲ್ಲ, ಮೈ ಜುಮ್ಮೆನ್ನುತ್ತದೆ.

ಉದಕಮಂಡಲದಿಂದ ಸೋಲೂರಿನ ಕಡೆ ಹೋಗುವ ದಾರಿಯಲ್ಲಿ ಅಲ್ಲಿನವರು ಕರ್ಪೂರದ ಮರ ಎನ್ನುವ ನೀಲಗಿರಿ ಮರಗಳ ತೋಪು ದಾಟಿ ಇಳಿದರೆ ಬಡಗರ ಒಂದು ಹಟ್ಟಿ ಸಿಗುತ್ತದೆ. ಅದರ ಎದುರಿನ ದಿಬ್ಬದ ಮೇಲೆ ಮಿಷನ್ನಿನ ಕಲ್ಲಿನ ಚರ್ಚು, ಪಕ್ಕದಲ್ಲಿ ಹೆಣ್ಣುಮಕ್ಕಳ ಶಾಲೆ. ಶಾಲೆಯಲ್ಲಿ ನಾನು ಟೀಚರು. ಭಾನುವಾರ ಹಾರ್ಮೋನಿಯಂ ನುಡಿಸುವುದು, ಹಾಡುವ ತಂಡವನ್ನು ತಿದ್ದುವುದು, ಎರಡೂ ನನ್ನ ಕೊರಳಿಗೇ ಬಿದ್ದಿದ್ದವು. ಮಂಗಳೂರಿನವಳಾದ ನನಗೆ ಅಲ್ಲಿನ ಚಳಿ ಅಭ್ಯಾಸವಾಗಲೇ ಇಲ್ಲ. ಉಣ್ಣೆಯ ಕೈಗವಸು ಹಾಕಿಕೊಂಡರೆ ಬೆರಳು ತಪ್ಪು ಸ್ವರಕ್ಕೆ ಬೀಳುತ್ತಿತ್ತು, ಬಿಚ್ಚಿದರೆ ಮರಗಟ್ಟುತ್ತಿತ್ತು. ನನ್ನ ಸಿಡುಕಿಗೆ ಅರ್ಧ ಕಾರಣ ಚಳಿಯೇ ಎಂದು ತಂಡದವರು ಆಡಿಕೊಳ್ಳುತ್ತಿದ್ದರು. ಉಳಿದರ್ಧಕ್ಕೆ ಅವರೇ ಕಾರಣ ಎಂದು ನಾನು ಹೇಳುತ್ತಿದ್ದೆ.

ಪ್ರತಿ ಭಾನುವಾರ ಆರಾಧನೆಯ ಹೊತ್ತಿಗೆ ಚರ್ಚಿನ ಹೊರಗಿನ ಕಲ್ಲುಕಟ್ಟೆಯ ಮೇಲೆ ಒಬ್ಬ ಮುದುಕಿ ಬಂದು ಕೂರುತ್ತಿದ್ದರು. ಬಿಳಿ ಮುಂಡು ಉಟ್ಟು, ತಲೆಗೂ ಬಿಳಿ ಬಟ್ಟೆ ಬಿಗಿದುಕೊಂಡು, ಮಂಜು ಬಂದರೂ ಸೋನೆ ಹಿಡಿದರೂ ಅಲ್ಲಿಂದ ಏಳುತ್ತಿರಲಿಲ್ಲ. ಒಳಗಿನ ಪ್ರಾರ್ಥನೆ ಮುಗಿದ ಮೇಲೆ ಮಗ ಸೊಸೆಯರ ಜೊತೆ ಮನೆಗೆ ಹೋಗುತ್ತಿದ್ದರು. ಹಟ್ಟಿಯವರೆಲ್ಲ ಅವರನ್ನು ಹೆತ್ತೆ ಎನ್ನುತ್ತಿದ್ದರು. ಅಲ್ಲಿನ ಮಾತಿನಲ್ಲಿ ಹೆತ್ತೆ ಎಂದರೆ ಅಜ್ಜಿ. ನಾನೂ ಹಾಗೇ ಕರೆಯುತ್ತಿದ್ದೆ.

ಅವರು ಒಳಗೆ ಬಾರದ ಕಾರಣವನ್ನು ನನಗೆ ಹೇಳಿದವಳು ಅವರ ಸೊಸೆ. ನಮ್ಮ ತಂಡದಲ್ಲಿ ಅವಳ ಕೊರಳಿಗೆ ಸಾಟಿ ಇರಲಿಲ್ಲ. ನನ್ನೊಡನೆ ಮಾತನಾಡುವಾಗ ಹಟ್ಟಿಯವರು ತಮ್ಮ ಮಾತನ್ನು ನನ್ನ ಕನ್ನಡದ ಕಡೆಗೆ ಸ್ವಲ್ಪ ತಿರುಗಿಸಿಕೊಳ್ಳುತ್ತಿದ್ದರು. ಅತ್ತೆ ಮಾವಂದಿರನ್ನು ಮಾತ್ರ ಅವಳು ಮಾಮಿ, ಮಾಮ ಎಂದೇ ಹೇಳುತ್ತಿದ್ದಳು.

"ಮಾಮ ತೀರಿಹೋದ ದಿನ ಮಾಮಿ ಶವದ ಪೆಟ್ಟಿಗೆಯ ಪಕ್ಕ ನಿಂದು ಹಾಡಿದರು ಟೀಚರಮ್ಮ. ಸಾಮೆ ಹೊಲದ ಹಾಡು. ಅದು ಬಿಟ್ಟು ಬೇರೆ ಏನ ಗೊತ್ತು ಅವರಿಗ? ಆಗ ಇದ್ದ ಪಾದ್ರಿ ಅಯ್ಯನವರು, ಈ ಹಾಡು ಚರ್ಚಿನ ಒಳಗ ಆಗದು, ನಿಲ್ಲಿಸು ಅಂದರು. ನಿಲ್ಲಿಸಿದರು. ಅಂದು ಹೊರಗ ಹೋದವರು ಒಳಗ ಬರಲಿಲ್ಲೆ. ಹಾಡಲೂ ಇಲ್ಲೆ."

ಅವಳೇ ಮುಂದುವರಿಸಿದಳು: "ಮಾಮಿಗ ವಯಸ್ಸಾತು. ಈ ಹಿಮ ದಾಟುವರೋ ಇಲ್ಲೆಯೋ. ಒಂದು ಸಲ ಒಳಗ ಬಂದರೆ ಸಾಕು ನನಗ."

ಆ ವರ್ಷ ಚರ್ಚಿನ ಮಾಡು ಬಿಚ್ಚಿ ಹೊಸದಾಗಿ ಹೊದಿಸುತ್ತಿದ್ದರು. ಒಳಗೋಡೆಗೂ ಹೊಸ ಗಾರೆ. ಕ್ರಿಸ್‌ಮಸ್ಸಿಗೆ ಮುಂಚೆ ಮತ್ತೆ ತೆರೆಯುವ ದಿನ ಉದಕಮಂಡಲದಿಂದ ಸಭೆಯ ಹಿರಿಯರು ಬರುವವರಿದ್ದರು. ಆ ದಿನಕ್ಕೆ ಹೆತ್ತೆಯ ರಾಗಕ್ಕೇ ಒಂದು ಕೀರ್ತನೆ ಕಟ್ಟಿದರೆ ಹೇಗೆ ಎಂದು ನಾನು ಈಗಿನ ಅಯ್ಯನವರನ್ನು ಕೇಳಿದೆ. ಅವರು ಒಳ್ಳೆಯ ಮನುಷ್ಯ, ಆದರೆ ಹೆದರಿಕೆಯವರು. ಗಡ್ಡ ನೀವಿಕೊಂಡರು.

"ನಾಲ್ಕು ಧ್ವನಿಯಲ್ಲಿ ಕ್ರಮವಾಗಿ ಬರೆದುಕೊಡಿ ಟೀಚರೇ. ಕೀರ್ತನೆಯ ಹಾಗೆ ಕೇಳಿಸಿದರೆ ಹಿರಿಯರನ್ನು ನಾನು ಒಪ್ಪಿಸುತ್ತೇನೆ. ಹೊಲದ ಹಾಡಿನ ಹಾಗೆ ಕೇಳಿಸಿದರೆ ನನ್ನಿಂದ ಏನೂ ಆಗದು."

ಇದಕ್ಕಿಂತ ಸುಲಭದ ಕೆಲಸ ಇಲ್ಲ ಎಂದುಕೊಂಡೆ. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಜೊತೆ ಸಾಮೆ ಹೊಲದಲ್ಲಿ ಕಳೆ ಕೀಳುತ್ತಾ ಆ ರಾಗ ಕಲಿತಿದ್ದಳು. ಈಗ ಹೊಲವೆಲ್ಲ ಉರುಳಗೆಡ್ಡೆಗೂ ಟೀಗೂ ಹೋಗಿ, ಅದನ್ನು ಹಾಡುವ ಸಂದರ್ಭವೇ ಇರಲಿಲ್ಲ. ಅವಳು ಗುನುಗಿದ್ದನ್ನು ಬರೆದುಕೊಂಡೆ, ಕೆಳಗೆ ಮೂರು ಧ್ವನಿ ಕೂರಿಸಿದೆ, ಅಯ್ಯನವರು ಅದಕ್ಕೆ ಮಾತು ಹೊಂದಿಸಿದರು. ಒಂದು ಮಧ್ಯಾಹ್ನ ಹಾರ್ಮೋನಿಯಂ ಹೊರಿಸಿಕೊಂಡು ಹೆತ್ತೆಯ ಮನೆಯ ಜಗಲಿಗೇ ಹೋದೆ. ಅವರು ಬಿಸಿಲಿಗೆ ಬೆನ್ನು ಕೊಟ್ಟು ಅವರೆಕಾಯಿ ಬಿಡಿಸುತ್ತಿದ್ದರು. ನಾನು ನಾಲ್ಕೂ ಧ್ವನಿ ಸೇರಿಸಿ ತುಂಬು ಸ್ವರದಲ್ಲಿ ನುಡಿಸಿದೆ.

ಹೆತ್ತೆ ಗಮನವಿಟ್ಟು ಕೇಳಿದರು. "ಚೆಂದ ಹಾಡು ಕೂಸೇ," ಎಂದರು. "ಇದು ದಾರ ಹಾಡು?"

ದಾರ ಎಂದರೆ ಯಾರದು ಎಂದು. ನಾನೂ ಸೊಸೆಯೂ ಮುಖ ಮುಖ ನೋಡಿಕೊಂಡೆವು. ತಮ್ಮ ಹಾಡನ್ನೇ ಅವರು ಗುರುತಿಸಿರಲಿಲ್ಲ. ರಾಗದಲ್ಲಿ ನಾನು ಒಂದು ಸ್ವರವನ್ನೂ ಬದಲಿಸಿರಲಿಲ್ಲ, ಹಾಗಿದ್ದರೂ!

ಅವಮಾನಕ್ಕಿಂತ ಕುತೂಹಲವೇ ಹೆಚ್ಚಾಯಿತು. ಮತ್ತೆ ನುಡಿಸಿದೆ, ಈ ಸಲ ತಳದ ಧ್ವನಿ ಬಿಟ್ಟು. ಹೆತ್ತೆ ಅವರೆ ಬಿಡಿಸುತ್ತಲೇ ಇದ್ದರು. ತಳದ್ದನ್ನು ಸೇರಿಸಿ ಮೂರನೆಯದನ್ನು ಬಿಟ್ಟೆ. ಊಹೂಂ. ಮೂರನೆಯದನ್ನು ಸೇರಿಸಿ, ರಾಗಕ್ಕೆ ಅಂಟಿಕೊಂಡೇ ಕೆಳಗೆ ನಡೆಯುತ್ತಿದ್ದ ಎರಡನೆಯದನ್ನು ಬಿಟ್ಟಾಗ ಅವರ ಬೆರಳು ನಿಂತಿತು.

"ಇದು ನಂಗ ಹಾಡು," ಎಂದರು, ನಮ್ಮ ಹಾಡು ಎಂದು. ಮುಖ ಒಂದು ಕ್ಷಣ ಎಳೆಯದಾಯಿತು. ಆಮೇಲೆ ಏನೋ ನೆನಪಾದಂತೆ ಮೊರ ಎತ್ತಿಕೊಂಡು ಒಳಗೆ ಹೋದರು.

ನಾನು ಬಿಟ್ಟ ಆ ಎರಡನೆಯ ಧ್ವನಿಯ ಕೆಲಸವೇ ಗಾಂಧಾರ ಕೊಡುವುದು. ಷಡ್ಜ, ಪಂಚಮ ಎರಡನ್ನೇ ಒಟ್ಟಿಗೆ ಹಿಡಿದರೆ ಆ ನಾದ ನಗುವುದೂ ಇಲ್ಲ, ಅಳುವುದೂ ಇಲ್ಲ. ನಡುವೆ ಗಾಂಧಾರ ಇಟ್ಟ ಕೂಡಲೇ ಇತ್ಯರ್ಥವಾಗಿಬಿಡುತ್ತದೆ. ತುಸು ಏರಿಸಿ ಇಟ್ಟರೆ ನಗು, ತುಸು ಇಳಿಸಿ ಇಟ್ಟರೆ ಅಳು. ಹೆತ್ತೆಯ ರಾಗ ಸ ರಿ ಮ ಪ ನಿ ಎಂದು ಹೋಗುತ್ತದೆ. ಬಲ್ಲವರು ಮಧ್ಯಮಾವತಿಯ ನೆರಳು ಎಂದಾರು. ರಿಷಭದಿಂದ ಮಧ್ಯಮಕ್ಕೆ ಹಾರುವಾಗ ಅದು ಗಾಂಧಾರವನ್ನು ತಿರುಗಿಯೂ ನೋಡುವುದಿಲ್ಲ. ಕಳೆ ಕೀಳುವಾಗಲೂ ಅದೇ, ಗಂಡನ ಪೆಟ್ಟಿಗೆಯ ಪಕ್ಕದಲ್ಲೂ ಅದೇ. ಸುಖವೋ ದುಃಖವೋ ಎಂದು ಹೇಳದ ಆ ಹಾಡಿಗೆ ನಾನು ಸಿಹಿ ಗಾಂಧಾರ ಬೆರೆಸಿ ನಗುಮುಖ ಅಂಟಿಸಿದ್ದೆ.

ಅವತ್ತೇ ಕಟ್ಟಳೆ ಹಾಕಿಕೊಂಡೆ. ಯಾವ ಧ್ವನಿಯೂ ಗಾಂಧಾರ ಹಾಡಕೂಡದು. ಅಷ್ಟೇ ಸಾಲದು, ಯಾವುದೇ ಎರಡು ಧ್ವನಿಗಳ ನಡುವೆ ಗಾಂಧಾರದಷ್ಟು ಅಂತರವೂ ಬೀಳಕೂಡದು. ರಾಗದಲ್ಲಿ ಇರುವ ಐದು ಸ್ವರಗಳೇ ಎಲ್ಲರಿಗೂ. ಅದರಾಚೆ ಏನೂ ಇಲ್ಲ.

ಕೂತು ಬರೆಯತೊಡಗಿದ ಮೇಲೆ ತಿಳಿಯಿತು, ನನ್ನ ಕೈಯನ್ನು ನಾನೇ ಕಟ್ಟಿಹಾಕಿಕೊಂಡಿದ್ದೇನೆ ಎಂದು. ರಾಗ ಪಂಚಮದಲ್ಲಿ ಇದ್ದಾಗ ಕೆಳಗಿನವರು ಪಂಚಮದಲ್ಲೋ ರಿಷಭದಲ್ಲೋ ಆರಾಮವಾಗಿ ಇರಬಹುದು. ರಾಗ ನಿಷಾದಕ್ಕೆ ಹತ್ತಿದೊಡನೆ ಇಬ್ಬರೂ ಜಾಗ ಖಾಲಿ ಮಾಡಬೇಕು, ಏಕೆಂದರೆ ಪಂಚಮಕ್ಕೂ ನಿಷಾದಕ್ಕೂ, ರಿಷಭಕ್ಕೂ ನಿಷಾದಕ್ಕೂ ನಡುವೆ ಇರುವುದು ಅದೇ ಬೇಡವಾದ ಅಂತರ. ಮಧ್ಯಮಕ್ಕೆ ಓಡಿದರೆ ಅಲ್ಲಿ ರಿಷಭ ಹಿಡಿದವರೊಂದಿಗೆ ಜಗಳ. ನಾಲ್ಕು ಧ್ವನಿಗೆ ನಾಲ್ಕು ಜಾಗವೇ ಸಿಗುತ್ತಿರಲಿಲ್ಲ. ಸಿಕ್ಕರೂ ಎಲ್ಲರೂ ಒಂದೇ ದಿಕ್ಕಿಗೆ, ಐದೈದು ಸ್ವರದ ಅಂತರದಲ್ಲಿ ಜೊತೆಜೊತೆಯಾಗಿ ನಡೆಯಬೇಕಾಗುತ್ತಿತ್ತು. ಮಂಗಳೂರಿನಲ್ಲಿ ನನಗೆ ಕಲಿಸಿದ ದೊರೆಸಾನಿಯ ಪ್ರಕಾರ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಪಾಪ ಇಲ್ಲ. ಆಕೆ ಅದನ್ನು ಕೆಂಪು ಶಾಯಿಯಲ್ಲಿ ಸುತ್ತಿ ಸುತ್ತಿ ಹಾಳೆ ಹರಿಯುತ್ತಿದ್ದಳು.

ವಾರಗಟ್ಟಲೆ ಬರೆದೆ, ಹೊಡೆದುಹಾಕಿದೆ. ಮಕ್ಕಳ ಕಾಪಿ ತಿದ್ದುವಾಗಲೂ ತಲೆಯಲ್ಲಿ ಅದೇ. ಕಡೆಗೆ ಹಠ ಬಿಟ್ಟು, ಯಾವ ಸ್ವರ ಯಾವುದರ ಜೊತೆ ಮುನಿಸಿಕೊಂಡಿದೆ ಎಂದು ಒಂದೊಂದಾಗಿ ನೋಡುತ್ತಾ ಬಂದೆ. ಪಂಚಮಕ್ಕೆ ನಿಷಾದ ಆಗದು. ರಿಷಭಕ್ಕೆ ಮಧ್ಯಮವೂ ಆಗದು, ನಿಷಾದವೂ ಆಗದು. ಯಾರೊಂದಿಗೂ ಮುನಿಸಿಲ್ಲದ್ದು ಷಡ್ಜ ಒಂದೇ! ರಾಗ ಎಲ್ಲಿಗೆ ಹೋಗಲಿ, ಷಡ್ಜ ಕದಲಬೇಕಾಗಿಯೇ ಇಲ್ಲ. ಇಷ್ಟು ದಿನ ನಾನು ನಾಲ್ವರನ್ನೂ ನಡೆಸಲು ಹೋಗಿ ಒಬ್ಬರ ಕಾಲು ಒಬ್ಬರು ತುಳಿಯುವಂತೆ ಮಾಡಿದ್ದೆ. ತಳದ ಗಂಡಸರನ್ನು ಷಡ್ಜದಲ್ಲಿ ಕೂರಿಸಿಬಿಟ್ಟೆ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ. ನಡುವಿನ ಇಬ್ಬರು ಪಂಚಮ, ಮಧ್ಯಮಗಳ ನಡುವೆ ಸಮಯ ನೋಡಿ ಸರಿದರೆ ಸಾಕಾಯಿತು. ಕಲಿತ ನಿಯಮ ಒಂದೆರಡು ಮುರಿದಿತ್ತು. ದೊರೆಸಾನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಬರೆದು ಮುಗಿಸಿದ್ದನ್ನು ಅಯ್ಯನವರು ತಾವೇ ಹಾರ್ಮೋನಿಯಂ ಮುಂದೆ ಕೂತು ನುಡಿಸಿ ನೋಡಿದರು. ನುಡಿಸುತ್ತಾ ನುಡಿಸುತ್ತಾ ಅವರ ನಡುಬೆರಳು ತಾನಾಗಿ ಹೋಗಿ ಗಾಂಧಾರದ ಮೇಲೆ ಕೂರುತ್ತಿತ್ತು.

"ಅಯ್ಯನವರೇ, ಬೆರಳು."

"ಅಯ್ಯೋ, ಅಭ್ಯಾಸ." ಎತ್ತಿದರು. ಮುಂದಿನ ಸಾಲಿನಲ್ಲಿ ಮತ್ತೆ ಅಲ್ಲೇ. ಕೊನೆಗೆ ನಿಟ್ಟುಸಿರು ಬಿಟ್ಟರು. "ಉಪ್ಪು ಮರೆತ ಸಾರಿನ ಹಾಗಿದೆಯಲ್ಲ ಟೀಚರೇ. ಹಿರಿಯರಿಗೆ ಏನೆಂದು ಹೇಳಲಿ?"

"ಮರೆತಿಲ್ಲ, ಬಿಟ್ಟಿದ್ದೇನೆ," ಎಂದೆ. ಧೈರ್ಯವಾಗಿ ಹೇಳಿದೆನಾದರೂ ಒಳಗೊಳಗೇ ನನಗೂ ಅದು ಬೋಳುಬೋಳಾಗಿಯೇ ಕೇಳಿಸುತ್ತಿತ್ತು. ಬಾಗಿಲು ಕಿಟಕಿ ಇಡದ ಮನೆಯೊಳಗೆ ನಿಂತ ಹಾಗೆ. ಇದನ್ನು ಕೇಳಿ ಹಿರಿಯರು ಬೇಡವೆಂದರೆ ಹೆತ್ತೆಯ ಹಾಡನ್ನು ಎರಡನೆಯ ಸಲ ನಿಲ್ಲಿಸಿದ ಹಾಗಾಗುತ್ತದೆ, ಅದಕ್ಕೆ ನಾನೇ ಕಾರಣಳಾಗುತ್ತೇನೆ ಎಂಬ ಭಯ ಹತ್ತಿತು.

ಅಭ್ಯಾಸ ಶಾಲೆಯ ಕೋಣೆಯಲ್ಲಿ. ಹಲಗೆಯ ತಗ್ಗು ಮಾಡು, ತುಂಬ ಬೆಂಚು, ಮೂಲೆಯಲ್ಲಿ ಆರಲು ಹಾಕಿದ ಕಂಬಳಿಗಳು. ಹಾಡಿದ್ದು ಬಾಯಿಂದ ಹೊರಬಿದ್ದ ಕೂಡಲೇ ಸತ್ತುಹೋಗುತ್ತಿತ್ತು. ಗಂಟೆ ಬಾರಿಸುವ ಹಿರಿಯ ಒಬ್ಬರು ನಡುವಿನ ಧ್ವನಿ ಹಾಡುತ್ತಿದ್ದರು. ಹಳೆಯ ಕೀರ್ತನೆಗಳಲ್ಲೇ ಬೆಳೆದ ಕೊರಳು ಅದು. ಅಯ್ಯನವರ ಬೆರಳಿಗೆ ಇದ್ದ ರೋಗವೇ ಅದಕ್ಕೂ ಇತ್ತು. ಪಂಚಮದಿಂದ ಮೆಲ್ಲಗೆ ಜಾರಿ ಗಾಂಧಾರದಲ್ಲಿ ಹೋಗಿ ಕೂತುಬಿಡುತ್ತಿದ್ದರು.

"ಅಣ್ಣಾ, ಅಲ್ಲಿಗೆ ಹೋಗಬೇಡಿ ಎಂದೆನಲ್ಲ!"

"ನಾ ಹೋಪದಿಲ್ಲೆ ಟೀಚರಮ್ಮ, ಅದೇ ಕರೆಯುತ್ತದೆ," ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನನ್ನನ್ನು ಬಿಟ್ಟು.

ಇನ್ನೊಂದು ತೊಂದರೆ ಹೆಂಗಸರ ಸಾಲಿನದು. ಬೇರೆ ಕೀರ್ತನೆಗಳಿಗೆ ಒತ್ತಾಗಿ ನಿಲ್ಲುತ್ತಿದ್ದವರು ಈ ಹಾಡಿಗೆ ಮಾತ್ರ ನಡುವೆ ಒಂದು ಆಳು ಹಿಡಿಸುವಷ್ಟು ಜಾಗ ಬಿಡುತ್ತಿದ್ದರು. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಭುಜ ಹಿಡಿದು ಒತ್ತರಿಸಿ ನಿಲ್ಲಿಸಿದೆ. ಎರಡನೆಯ ಚರಣದ ಹೊತ್ತಿಗೆ ಜಾಗ ಮತ್ತೆ ತೆರೆದಿತ್ತು. ಮರುದಿನವೂ ಅದೇ ಕತೆ.

"ಇದೇನು ನಿಮ್ಮದು? ಯಾರಿಗೆ ಈ ಜಾಗ?" ಎಂದು ರೇಗಿದೆ.

ಸೊಸೆ ತಲೆ ತಗ್ಗಿಸಿ ನಕ್ಕಳು. "ಸಾಮೆ ಹೊಲದಲ್ಲಿ ಈ ಹಾಡು ಎತ್ತಿದರೆ ಸಾಲಿನಲ್ಲಿ ಒಂದು ಜಾಗ ಬಿಡುವದು ಟೀಚರಮ್ಮ. ಹಿಂದೆ ಬಪ್ಪವಳಗ."

"ಹಿಂದೆ ಬರುವವಳು ಯಾರು?"

"ಗೊತ್ತಿಲ್ಲೆ. ಮಾಮಿ ಬಿಡು ಅಂದರು, ಬಿಟ್ಟೆ. ಈ ಹಾಡಿಗ ಕಾಲು ತಾನೇ ಸರಿಯುತ್ತದೆ."

ಮಗುವಿಗೆ ಹಾಲು ಕೊಟ್ಟೋ ಎಮ್ಮೆ ಕಟ್ಟಿಯೋ ತಡವಾಗಿ ಬರುವ ಹೆಂಗಸಿಗೆ ಇಟ್ಟ ಜಾಗವಿರಬೇಕು ಎಂದು ನಾನು ತಿಳಿದೆ. "ಇಲ್ಲಿ ತಡವಾಗಿ ಬಂದವರು ಸಾಲಿನ ಕೊನೆಗೆ ನಿಲ್ಲಲಿ," ಎಂದು ಹೇಳಿ ಮತ್ತೆ ಒತ್ತರಿಸಿದೆ. ಅವರು ಆಗಲಿ ಎಂದರು, ಮತ್ತೆ ಸರಿದರು. ಕಡೆಗೆ ನನ್ನ ಗಂಟಲೇ ಸೋತು ಆ ವಿಷಯ ಕೈಬಿಟ್ಟೆ.

ಅಷ್ಟರಲ್ಲಿ ಹಾರ್ಮೋನಿಯಂ ಕೈಕೊಟ್ಟಿತು. ಮಂಜಿಗೆ ಮರ ಊದಿಕೊಂಡು ಒಂದೆರಡು ಸ್ವರ ಅಂಟಿಕೊಳ್ಳುವುದು ಪ್ರತಿ ವರ್ಷದ ಗೋಳು, ಒಲೆಯ ಹತ್ತಿರ ಇಟ್ಟರೆ ಸರಿಹೋಗುತ್ತಿತ್ತು. ಈ ಸಲದ್ದು ಅದಲ್ಲ. ಷಡ್ಜ ಪಂಚಮಗಳನ್ನು ಬಿಡದೆ ಹಿಡಿದಾಗ ನಾದ ನೆಟ್ಟಗೆ ನಿಲ್ಲದೆ ಅಲೆ ಅಲೆಯಾಗಿ ನಡುಗುತ್ತಿತ್ತು. ಪೆಟ್ಟಿಗೆಯ ತಪ್ಪಲ್ಲ ಅದು. ಎಲ್ಲ ಶ್ರುತಿಗೂ ಒಗ್ಗಲಿ ಎಂದು ಕಾರ್ಖಾನೆಯಲ್ಲೇ ಒಂದೊಂದು ಸ್ವರವನ್ನೂ ಕೂದಲೆಳೆಯಷ್ಟು ಸರಿಸಿ ಕೂರಿಸಿರುತ್ತಾರೆ. ಗಾಂಧಾರ ತುಂಬಿದ್ದಾಗ ಆ ನಡುಕ ಅದರ ಸೆರಗಿನಲ್ಲಿ ಅಡಗಿರುತ್ತಿತ್ತು. ನಾನು ಗಾಂಧಾರ ತೆಗೆದದ್ದರಿಂದ ಅದು ಬಟಾಬಯಲಾಯಿತು. ಹಾಡುವವರು ನೆಟ್ಟಗಿನ ಪಂಚಮ ಹಿಡಿಯುತ್ತಿದ್ದರು, ಪೆಟ್ಟಿಗೆ ಅವರನ್ನು ಪಕ್ಕಕ್ಕೆ ಎಳೆಯುತ್ತಿತ್ತು.

ಯಾರ ಮಾತು ಕೇಳುವುದು? ಹಾರ್ಮೋನಿಯಂ ಇಲ್ಲದೆ ಈ ತಂಡ ಒಂದು ಚರಣವನ್ನೂ ಹಾಡಿದ್ದಿಲ್ಲ. ಹಾದಿ ಮಧ್ಯದಲ್ಲಿ ಶ್ರುತಿ ಇಳಿದರೆ ಉದಕಮಂಡಲದ ಹಿರಿಯರ ಎದುರು ಎತ್ತಿಕೊಡಲು ಯಾರೂ ಇರುವುದಿಲ್ಲ. ಒಂದು ದಿನ ಪೂರ್ತಿ ಅತ್ತಿತ್ತ ತೂಗಾಡಿದೆ. ಸಂಜೆ ಅಭ್ಯಾಸಕ್ಕೆ ಬಂದವರ ಮುಂದೆ ಪೆಟ್ಟಿಗೆಯ ಮುಚ್ಚಳ ಇಳಿಸಿ, ಮೇಲೆ ಶಾಲು ಹೊದಿಸಿಬಿಟ್ಟೆ. ತಟ್ಟಿದರೆ ಒಂದೇ ಸ್ವರ ಹೊರಡುವ ಉಕ್ಕಿನ ಕವಲುಕಡ್ಡಿಯೊಂದು ನನ್ನ ಬಳಿ ಇತ್ತು. ಅದನ್ನು ತಟ್ಟಿ ಷಡ್ಜ ಕೊಟ್ಟೆ.

"ಇನ್ನು ಇಷ್ಟೇ ಆಧಾರ," ಎಂದೆ.

ಅಯ್ಯನವರ ಮುಖ ಬಿಳುಚಿತು. ಸೊಸೆ ಮಾತ್ರ, "ಹೊಲದಲ್ಲಿ ಪೆಟ್ಟಿಗೆ ಎಲ್ಲಿತ್ತು?" ಎಂದು ಗಂಟಲು ಸರಿಮಾಡಿಕೊಂಡಳು.

ಕೆಲಸಗಾರರು ಸಾರುವೆ ಬಿಚ್ಚಿದ್ದು ತೆರೆಯುವ ದಿನದ ಹಿಂದಿನ ಸಂಜೆ. ಹಾಗಾಗಿ ಚರ್ಚಿನ ಒಳಗೆ ಒಂದು ಸಲವೂ ಹಾಡಿ ನೋಡಲು ಆಗಲಿಲ್ಲ. ಬೆಳಗ್ಗೆ ಹುಲ್ಲಿನ ಮೇಲೆಲ್ಲ ಹಿಮ ಬಿದ್ದಿತ್ತು. ಹೊಸ ಗಾರೆಯ ವಾಸನೆ, ಬೋಳು ಕಲ್ಲುನೆಲ, ಎತ್ತರದ ಮಾಡು. ಮುಂದಿನ ಬೆಂಚಿನಲ್ಲಿ ಕರಿಯ ಕೋಟಿನ ಹಿರಿಯರು. ಬಾಗಿಲು ತೆರೆದಿತ್ತು. ಅದರಾಚೆ ಕಲ್ಲುಕಟ್ಟೆಯ ಮೇಲೆ ಹೆತ್ತೆಯ ಬಿಳಿ ಬೆನ್ನು ಕಾಣುತ್ತಿತ್ತು. ಕರೆದರೆ ಬರುವವರಲ್ಲ, ಯಾರೂ ಕರೆದಿರಲಿಲ್ಲ.

ಹೆಂಗಸರು ನಡುವೆ ಜಾಗ ಬಿಟ್ಟೇ ನಿಂತರು. ಹಿರಿಯರ ಎದುರು ರೇಗುವಂತಿರಲಿಲ್ಲ. ಕಡ್ಡಿ ತಟ್ಟಿ ಕೈ ಎತ್ತಿದೆ.

ಗಂಡಸರು ಷಡ್ಜ ಹಿಡಿದರು. ಶಾಲೆಯ ಕೋ‌ಣೆಯಲ್ಲಿ ಸಾಯುತ್ತಿದ್ದ ಧ್ವನಿ ಇಲ್ಲಿ ಕಲ್ಲಿಗೆ ತಾಗಿ ಮರಳಿ ಬಂತು. ಮೊದಲ ಚರಣ ನಡುಗದೆ ಮುಗಿಯಿತು. ಎರಡನೆಯದರ ಕೊನೆಯಲ್ಲಿ ಎಲ್ಲರೂ ಷಡ್ಜ ಪಂಚಮಗಳ ಮೇಲೆ ಬಂದು ನಿಂತು ಉಸಿರು ಇರುವಷ್ಟು ಹೊತ್ತು ಹಿಡಿಯಬೇಕು. ಹಿಡಿದರು. ಆಗ, ಎಲ್ಲ ಹೆಂಗಸರ ಧ್ವನಿಗೂ ಬಹಳ ಮೇಲೆ, ತೆಳ್ಳಗೆ, ಯಾರೋ ಗಾಂಧಾರ ಹಾಡಿದರು.

ಗಂಟೆಯ ಹಿರಿಯರನ್ನು ದುರುಗುಟ್ಟಿ ನೋಡಿದೆ. ಅವರು ಪಂಚಮದಲ್ಲೇ ಇದ್ದರು, ಕಣ್ಣು ಅರಳಿಸಿ ಮೇಲೆ ಮಾಡಿನ ಕಡೆ ನೋಡುತ್ತಿದ್ದರು. ಸಾಲಿನುದ್ದಕ್ಕೂ ಒಬ್ಬೊಬ್ಬರ ಬಾಯಿ ನೋಡುತ್ತಾ ಬಂದೆ. ಯಾರೂ ಅಲ್ಲ. ಮುಂದಿನ ಬೆಂಚಿನ ಹಿರಿಯರೊಬ್ಬರು ಹಾಡಿದ್ದು ಯಾರೆಂದು ಹಿಂದಕ್ಕೆ ತಿರುಗಿ ನೋಡಿದರು. ಹಿಂದಿನ ಬೆಂಚುಗಳಲ್ಲೂ ಯಾರ ಬಾಯಿಯೂ ತೆರೆದಿರಲಿಲ್ಲ. ಧ್ವನಿ ಮಾತ್ರ ಅಲ್ಲೇ ನಿಂತಿತ್ತು, ಯಾರ ಉಸಿರಿನ ಹಂಗೂ ಇಲ್ಲದೆ.

ಮಂಗಳೂರಿನ ನಮ್ಮ ನೆರೆಮನೆಯ ಜಗಲಿಯಲ್ಲಿ ಭಾಗವತರೊಬ್ಬರು ತಂಬೂರಿ ಕೂಡಿಸುತ್ತಿದ್ದುದು ನೆನಪಾಯಿತು. ತಂಬೂರಿಯಲ್ಲಿ ಷಡ್ಜ ಪಂಚಮಗಳ ತಂತಿ ಬಿಟ್ಟರೆ ಬೇರೆ ಇಲ್ಲ. ಶ್ರುತಿ ಅಚ್ಚುಕಟ್ಟಾಗಿ ಕೂಡಿದ ಗಳಿಗೆಯಲ್ಲಿ, ಮೀಟದ ಗಾಂಧಾರ ತಾನಾಗಿ ಕೇಳಿಸುತ್ತಿತ್ತು. ತಾನೇ ಹುಟ್ಟಿದ್ದು ಎಂದು ಅವರು ಅದಕ್ಕೆ ಕೈ ಮುಗಿಯುತ್ತಿದ್ದರು. ನಾನು ಬೇಲಿಯಾಚೆ ನಿಂತು ಬೆರಗಾಗುತ್ತಿದ್ದೆ. ಆ ಬೆರಗೇ ಈಗ ನನ್ನ ಕಣ್ಣೆದುರು, ಉರುಳಗೆಡ್ಡೆ ಅಗೆಯುವವರ, ಎಲೆ ಕೀಳುವವರ ಕೊರಳುಗಳ ಮೇಲೆ ಬಂದು ನಿಂತಿತ್ತು. ನಾನು ಬಾಗಿಲು ಹಾಕಿ ಹೊರಗಿಟ್ಟ ಸ್ವರ ಅದು. ಎಲ್ಲರೂ ಅದನ್ನು ಬಿಟ್ಟುಕೊಟ್ಟದ್ದರಿಂದಲೇ ಬಂದಿತ್ತು. ನಗುವೋ ಅಳುವೋ ನನಗೆ ಹೇಳಲಾಗಲಿಲ್ಲ. ಕಣ್ಣು ಮಂಜಾಗಿ ಕೈ ಎತ್ತಿದಂತೆಯೇ ಉಳಿಯಿತು.

ಉಸಿರು ಮುಗಿದು ಎಲ್ಲರೂ ನಿಂತರು. ಧ್ವನಿಯೂ ಹೋಯಿತು. ಆ ನಿಶ್ಶಬ್ದದಲ್ಲಿ ಕಲ್ಲುನೆಲದ ಮೇಲೆ ಬರಿಗಾಲಿನ ಸಪ್ಪಳ ಕೇಳಿಸಿತು.

ಹೆತ್ತೆ ನಡುದಾರಿಯಲ್ಲಿ ನಡೆದು ಬರುತ್ತಿದ್ದರು. ಬೆಂಚುಗಳನ್ನಾಗಲಿ ಹಿರಿಯರನ್ನಾಗಲಿ ನೋಡಲಿಲ್ಲ. ನೇರವಾಗಿ ಹೆಂಗಸರ ಸಾಲಿನ ಮುಂದೆ ಬಂದು ನಿಂತರು. ಮುಖದ ಮೇಲೆ ನೀರು ಇಳಿಯುತ್ತಿತ್ತು. ಸೊಸೆ ಬೇಗನೆ ಪಕ್ಕಕ್ಕೆ ಸರಿದು, ನಡುವೆ ಖಾಲಿ ಇದ್ದ ಆ ಜಾಗವನ್ನು ಕೈಯಿಂದ ತೋರಿಸಿದಳು.

ಹೆತ್ತೆ ತಲೆ ಅಲ್ಲಾಡಿಸಿದರು.

"ಅಲ್ಲಿ ಬೇಡ," ಎಂದರು. "ಅಲ್ಲಿ ಆಳು ಬಂದಾತು. ಹಿಂದೆ ಬಪ್ಪವಳು."

ಹಾಗೆಂದು ಸಾಲಿನ ಕೊನೆಗೆ ಹೋಗಿ, ತಲೆಯ ಬಟ್ಟೆ ಸರಿಮಾಡಿಕೊಂಡು ನಿಂತರು. ಕೊನೆಯ ಚರಣಕ್ಕೆ ಶ್ರುತಿ ಕೊಡಲೆಂದು ನಾನು ಕಡ್ಡಿಗಾಗಿ ತಡಕಾಡುತ್ತಿದ್ದಾಗಲೇ ಅವರು ಹಾಡು ಎತ್ತಿಕೊಂಡರು. ನಾನು ಕೈ ಕೆಳಗಿಳಿಸಿದೆ.